ಸಾಹಿತ್ಯದ ಮೇಷ್ಟರು ಸಾಹಿತ್ಯವನ್ನು ಕಳೆದದ್ದು

ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಪಾಠವನ್ನು ಹೇಳುವಾಗ, ಹಳೆಯ ಕಾಲದ ಪ್ರತಿಕಾರರ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಮಾತನಾಡುವುದು ವಾಡಿಕೆ. ಓಲೆಗರಿಯಿಂದ ಓಲೆಗರಿಗೆ ಕಾವ್ಯವನ್ನು ಇಳಿಸುತ್ತ ಕುಳಿತ ಆ ಪುಣ್ಯಾತ್ಮರು ಒಂದೆಡೆ ಅಕ್ಷರವನ್ನು ಬಿಟ್ಟರು, ಇನ್ನೊಂದೆಡೆ ಸಾಲನ್ನೇ ಹಾರಿಸಿದರು, ಅಂಚಿನಲ್ಲಿದ್ದ ಟಿಪ್ಪಣಿಯನ್ನು ಬೇಡವೆಂದು ಕೈಬಿಟ್ಟರು. ಅವರ ಅರೆಗಳಿಗೆಯ ಅಲಕ್ಷ್ಯಕ್ಕಾಗಿ ನಾವು ಇಂದಿಗೂ ತಲೆ ಕೆರೆದುಕೊಳ್ಳುತ್ತಿದ್ದೇವೆ ಎಂದು ನಾನು ಹೇಳಿದಾಗ ಹುಡುಗರು ತಲೆದೂಗುತ್ತಾರೆ. ಈ ವರ್ಷ ಮಾತ್ರ ಆ ಪಾಠವನ್ನು ಹೇಳುವಾಗ ನನ್ನ ದನಿ ಮೆತ್ತಗಾಗಿತ್ತು. ಏಕೆಂದರೆ, ನಮ್ಮ ಮನೆಯ ನಡುಮನೆಯಲ್ಲಿ, ಹೆಂಡತಿ ಮಕ್ಕಳ ಸಮಕ್ಷಮದಲ್ಲಿ, ನಾನೇ ಅಂಥದೊಂದು ಪ್ರತಿಯನ್ನು ಮಾಡಿ ಮುಗಿಸಿದ್ದೆ. ಆ ಕಥೆಯನ್ನು ವಾಚಕರ ಮುಂದೆ ಒಪ್ಪಿಸಿಬಿಟ್ಟರೆ ಮನಸ್ಸು ಹಗುರವಾದೀತು. ಅಂಥ ತಟ್ಟೆಗಳು ಯಾರ ಮನೆಯ ಬೀರುವಿನಲ್ಲಾದರೂ ಇದ್ದರೆ ಅವರಿಗೆ ಉಪಯೋಗವೂ ಆದೀತು.

ನಮ್ಮ ಮಾವನವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಇಂಗ್ಲೆಂಡಿನಲ್ಲಿರುವ ಅವರ ಹಿರಿಯ ಮಗ ೨೦೦೬ರಲ್ಲಿ ಊರಿಗೆ ಬಂದಾಗ ಒಂದು ಕರೋಕೆ ಪೆಟ್ಟಿಗೆಯನ್ನೂ, ಜೊತೆಗೆ ಹಳೆಯ ಹಿಂದಿ ಹಾಡುಗಳ, ಇಂಗ್ಲಿಷ್ ಹಾಡುಗಳ ನಲವತ್ತು ಸಿಡಿಗಳನ್ನೂ ತಂದುಕೊಟ್ಟಿದ್ದ. ತಟ್ಟೆಯನ್ನು ಪೆಟ್ಟಿಗೆಯೊಳಗೆ ಇಟ್ಟರೆ ಪಕ್ಕವಾದ್ಯಗಳಷ್ಟೇ ನುಡಿಯುತ್ತವೆ; ಹಾಡಿನ ಮಾತುಗಳು ದೂರದರ್ಶನದ ಪರದೆಯ ಮೇಲೆ ಮೂಡಿ, ಹಾಡಬೇಕಾದ ಕ್ಷಣದಲ್ಲಿ ಒಂದೊಂದಾಗಿ ಬಣ್ಣವನ್ನು ಬದಲಿಸುತ್ತವೆ. ಹಾಡುವುದು ನಮ್ಮ ಪಾಲು. ಭಾನುವಾರದ ಸಂಜೆ ಮಾವನವರು ಒಂದು ಹಾಡು, ಅತ್ತೆಯವರು ಒಂದು ಹಾಡು, ಹೀಗೆ ಎಷ್ಟೋ ವರ್ಷ ನಡೆಯಿತು. ಮೂರು ವರ್ಷಗಳ ಹಿಂದೆ ಅತ್ತೆಯವರು ತೀರಿಕೊಂಡರು. ಆಮೇಲೆ ಮಾವನವರಿಗೆ ಮರೆವು ಹೆಚ್ಚಿತು. ರಾಗ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಮಾತು ಮಾತ್ರ ಜಾರಿಹೋಗುತ್ತದೆ. ಪರದೆಯ ಮೇಲೆ ಅಕ್ಷರವಿದ್ದರೆ ಇಡೀ ಹಾಡನ್ನು ಅಚ್ಚುಕಟ್ಟಾಗಿ ಹಾಡುತ್ತಾರೆ. ವಾರಕ್ಕೊಮ್ಮೆ ಆ ಮುಖ ಹಿಂದಿನಂತೆ ಅರಳುವುದು ಆ ಒಂದು ಗಂಟೆಯಲ್ಲಿ.

ಕರೋಕೆ ಎಂಬುದು ಜಪಾನಿನ ಮಾತು. ‘ಕರ’ ಎಂದರೆ ಬರಿದು. ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬ ಪದದ ಜಪಾನೀ ರೂಪದ ತುಣುಕು. ಗಾಯಕನಿಲ್ಲದ ಬರಿಯ ವಾದ್ಯಮೇಳವೆಂದು ತಾತ್ಪರ್ಯ. ೧೯೬೭ರಲ್ಲಿ ಟೋಕಿಯೋದ ಶಿಗೇಯಿಚಿ ನೆಗಿಶಿ ಎಂಬವರು ಅಂಥದೊಂದು ಪೆಟ್ಟಿಗೆಯನ್ನು ಕಟ್ಟಿದರು. ೧೯೭೧ರಲ್ಲಿ ಕೋಬೆ ನಗರದ ವಾದ್ಯಗಾರ ದೈಸುಕೆ ಇನೊವುಯೆ ತಮ್ಮದೇ ಹನ್ನೊಂದು ಯಂತ್ರಗಳನ್ನು ಮಾಡಿಸಿ ಪಾನಗೃಹಗಳಿಗೆ ಬಾಡಿಗೆಗೆ ಕೊಟ್ಟರು. ಇಬ್ಬರೂ ಪೇಟೆಂಟನ್ನು ಪಡೆಯಲಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಕ್ಕೆ ಹೊಸ ದಾರಿಯನ್ನು ತೋರಿಸಿದರೆಂದು ೨೦೦೪ರಲ್ಲಿ ಇನೊವುಯೆ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಶಾಂತಿ ಪಾರಿತೋಷಕವನ್ನು ಕೊಟ್ಟರು. ಅಂದಿನ ಪೆಟ್ಟಿಗೆಗಳಲ್ಲಿ ಪರದೆಯಿರಲಿಲ್ಲ. ಹಾಡಿನ ಮಾತುಗಳು ಅಚ್ಚಾದ ಹಾಳೆಗಳಲ್ಲಿ ಇರುತ್ತಿದ್ದುವು. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಪೆಟ್ಟಿಗೆಗೂ ಮುಪ್ಪು ಬಂತು. ಹಾಡು ನಡುನಡುವೆ ಎಗರತೊಡಗಿತು. ಸಿಡಿಗಳನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿಬಿಡುತ್ತೇನೆಂದು ನಾನು ಸೊಂಟ ಕಟ್ಟಿ ನಿಂತೆ. ಇಳಿಸುವ ತಂತ್ರಾಂಶವನ್ನು ತೆರೆದರೆ ಅದು ಮೊದಲು ಕೇಳಿದ ಪ್ರಶ್ನೆ: ಸೆಕೆಂಡಿಗೆ ಎಷ್ಟು ಕಿಲೋಬಿಟ್ಟು? ೧೨೮ ಸಾಕೆ, ೧೯೨ ಬೇಕೆ, ೩೨೦ ಆಗಬೇಕೆ?

ಈ ಅಂಕಿಗಳ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಸಿಡಿಯು ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು, ಎಡಕ್ಕೊಂದು ಬಲಕ್ಕೊಂದರಂತೆ ಪ್ರತಿಯೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆದಿಡುತ್ತದೆ. ಗುಣಿಸಿ ನೋಡಿದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್ಟುಗಳು. ನಾಲ್ಕು ನಿಮಿಷದ ಒಂದು ಹಾಡಿಗೆ ನಾಲ್ಕು ಕೋಟಿ ಇಪ್ಪತ್ತಮೂರು ಲಕ್ಷ ಬೈಟುಗಳು ಬೇಕು. ಎಂಪಿ೩ ಎಂಬ ಸಂಕೋಚನದ ವಿಧಾನ ಇದನ್ನು ಕುಗ್ಗಿಸುತ್ತದೆ. ೧೨೮ರ ಗುಣಮಟ್ಟದಲ್ಲಿ ಅದೇ ಹಾಡು ಮೂವತ್ತೆಂಟು ಲಕ್ಷ ಬೈಟುಗಳಿಗೆ, ಅಂದರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ೧೯೨ರಲ್ಲಿ ಐವತ್ತೇಳು ಲಕ್ಷ. ೩೨೦ರಲ್ಲಿ ತೊಂಬತ್ತಾರು ಲಕ್ಷ.

ಹತ್ತು ಪಾಲನ್ನು ಎಸೆದರೂ ಹಾಡು ಹೇಗೆ ಉಳಿಯುತ್ತದೆ? ಮದುವೆಯ ಮನೆಯಲ್ಲಿ ಗಟ್ಟಿಮೇಳ ಆಗುತ್ತಿರುವಾಗ ಪಕ್ಕದಲ್ಲಿ ಕುಳಿತವರು ಪಿಸುಗುಟ್ಟಿದ್ದು ಕೇಳಿಸುವುದಿಲ್ಲವಷ್ಟೆ? ಪಿಸುಮಾತು ಅಲ್ಲಿ ಇರುವುದೇನೋ ನಿಜ, ಕಿವಿಗೆ ಮಾತ್ರ ತಲುಪುವುದಿಲ್ಲ. ಹೀಗೆ ದೊಡ್ಡ ಸದ್ದಿನ ಮರೆಯಲ್ಲಿ ಅಡಗುವ ಸಣ್ಣ ಸದ್ದುಗಳನ್ನು ಲೆಕ್ಕ ಹಾಕಿ, ಅವುಗಳಿಗೆ ಬಿಟ್ಟುಗಳನ್ನು ಕೊಡದೆ ಜಿಪುಣತನವನ್ನು ತೋರಿಸುವುದೇ ಈ ವಿದ್ಯೆಯ ಗುಟ್ಟು. ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ಇದಕ್ಕಾಗಿ ವರ್ಷಗಟ್ಟಲೆ ದುಡಿದರು. ವಾದ್ಯವೇ ಇಲ್ಲದೆ ಬರಿಯ ಕಂಠದಲ್ಲಿ ಸುಝಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಎಂಬ ಹಾಡು ಅವರಿಗೆ ಒರೆಗಲ್ಲಾಯಿತು. ಒಂಟಿ ದನಿಗೆ ಮರೆಯೊದಗಿಸುವ ಬೇರೆ ಸದ್ದು ಇಲ್ಲದ್ದರಿಂದ ಚಿಕ್ಕ ದೋಷವೂ ಅದರಲ್ಲಿ ಎದ್ದು ಕಾಣುತ್ತಿತ್ತು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಮನೆಯಲ್ಲಿ ಒಂದು ಪರೀಕ್ಷೆಯನ್ನು ಏರ್ಪಡಿಸಿದೆ. ಒಂದೇ ಹಾಡನ್ನು ಮೂರು ಬಗೆಯಲ್ಲಿ ಕುಗ್ಗಿಸಿ, ಯಾವುದು ಯಾವುದೆಂದು ಹೇಳದೆ ಎಲ್ಲರಿಗೂ ಕೇಳಿಸಿದೆ. ನನ್ನ ಮನೆಯಾಕೆ ಒಂದನ್ನು ಕೇಳಿ, ಜಾಲರಿಯ ಸದ್ದು ನೀರಿನಲ್ಲಿ ತೊಯ್ದಂತಿದೆ ಎಂದಳು, ಅದು ೧೨೮. ೧೯೨ಕ್ಕೂ ೩೨೦ಕ್ಕೂ ಇರುವ ಭೇದ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಮಾವನವರಿಗೆ ಮೂರೂ ಒಂದೇ. ಯಾರಿಗಾಗಿ ಈ ಕೆಲಸವೋ ಅವರಿಗೇ ಭೇದ ತಿಳಿಯದ ಮೇಲೆ ಹೆಚ್ಚಿನ ಜಾಗವೇಕೆಂದು ನಾನು ೧೨೮ನ್ನೇ ಆರಿಸಿದೆ. ನಾಲ್ಕು ದಿನಗಳಲ್ಲಿ ನಲವತ್ತು ತಟ್ಟೆಗಳೂ ಒಂದು ಹೆಬ್ಬೆಟ್ಟಿನ ಗಾತ್ರದ ಪೆನ್‌ಡ್ರೈವಿನೊಳಗೆ ಸೇರಿದುವು. ನನ್ನ ಮಿತವ್ಯಯಕ್ಕೆ ನಾನೇ ಬೀಗಿದೆ. ಇನ್ನು ಈ ತಟ್ಟೆಗಳು ಏತಕ್ಕೆಂದು ಎರಡಕ್ಕೆ ದಾರವನ್ನು ಪೋಣಿಸಿ, ಪಾರಿವಾಳಗಳು ಹತ್ತಿರ ಸುಳಿಯದಂತೆ ತಾರಸಿಯ ಮೇಲೆ ಕಟ್ಟಿದೆ. ಉಳಿದವನ್ನು ಹಳೆಯ ಕಾಗದದವನಿಗೆ ಹಾಕುವಂತೆ ಮನೆಯಾಕೆಗೆ ಹೇಳಿದೆ.

ಮಳೆಗಾಲದಲ್ಲಿ ಮಾವನವರು ಕೆಲವು ತಿಂಗಳು ಮೈಸೂರಿನ ಮಗಳ ಮನೆಯಲ್ಲಿದ್ದರು. ಅವರು ಹಿಂದಿರುಗಿದ ಭಾನುವಾರ ಗಣಕವನ್ನು ಪರದೆಗೆ ಜೋಡಿಸಿ, ಎಲ್ಲರನ್ನೂ ಕೂರಿಸಿ, ಅತ್ತೆಯವರಿಗೆ ಪ್ರಿಯವಾಗಿದ್ದ ಒಂದು ಹಳೆಯ ಹಾಡನ್ನು ಹಚ್ಚಿದೆ. ಪಿಟೀಲುಗಳು ಎತ್ತಿಕೊಂಡುವು. ಮಾವನವರು ಕನ್ನಡಕವನ್ನು ಸರಿಪಡಿಸಿಕೊಂಡು ಪರದೆಯನ್ನು ನೋಡಿದರು. ಪರದೆ ಕಪ್ಪಾಗಿತ್ತು. ಪಲ್ಲವಿಯ ಎಡೆ ಬಂತು. ಅವರು ಮೊದಲನೆಯ ಸಾಲನ್ನು ನೆನಪಿನಿಂದ ಹಾಡಿ, ಎರಡನೆಯದರ ನಡುವೆ ನಿಂತರು. ವಾದ್ಯಗಳು ಮುಂದಕ್ಕೆ ಹೋದುವು. ಅವರು ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ, “ಅಕ್ಷರ ಎಲ್ಲಪ್ಪಾ?” ಎಂದರು.

ಸಂಗೀತಗಾರರು ಹಾಡಿನ ಮಾತನ್ನು ‘ಸಾಹಿತ್ಯ’ ಎನ್ನುತ್ತಾರೆ. ಸಾಹಿತ್ಯದ ಮೇಷ್ಟರು ಪ್ರತಿ ಮಾಡಲು ಕುಳಿತು, ಸಂಗೀತವನ್ನು ಉಳಿಸಿಕೊಂಡು ಸಾಹಿತ್ಯವನ್ನೇ ಕಳೆದಿದ್ದರು.

ಆ ಅಕ್ಷರಗಳು ಎಲ್ಲಿದ್ದುವು? ಆ ರಾತ್ರಿ ನಾನು ನಿದ್ದೆಗೆಟ್ಟು ತಿಳಿದುಕೊಂಡದ್ದು ಇಷ್ಟು. ಸಿಡಿಯನ್ನು ಓದುವ ಯಂತ್ರ ಸೆಕೆಂಡಿಗೆ ೭೫ ತುಣುಕುಗಳನ್ನು ಓದುತ್ತದೆ. ಪ್ರತಿಯೊಂದು ತುಣುಕಿನಲ್ಲಿ ೨,೩೫೨ ಬೈಟು ಧ್ವನಿಯಿರುತ್ತದೆ. ಅದರ ಮಗ್ಗುಲಲ್ಲಿ, ಓಲೆಗರಿಯ ಅಂಚಿನ ಟಿಪ್ಪಣಿಯಂತೆ, ಇನ್ನೂ ೯೬ ಬೈಟುಗಳ ಒಂದು ಕಿರುದಾರಿಯಿದೆ. ಪಿ ಯಿಂದ ಡಬ್ಲ್ಯೂವರೆಗೆ ಎಂಟು ಎಳೆಗಳಿರುವ ಆ ದಾರಿಯಲ್ಲಿ ಮೊದಲಿನ ಎರಡು ಎಳೆಗಳು ಹಾಡಿನ ಆರಂಭ, ಕಾಲ ಮುಂತಾದ ಗುರುತುಗಳಿಗೆ ಮೀಸಲು. ಉಳಿದ ಆರು ಎಳೆಗಳು ಸಾಮಾನ್ಯ ತಟ್ಟೆಗಳಲ್ಲಿ ಖಾಲಿ. ಕರೋಕೆ ತಟ್ಟೆಯಲ್ಲಿ ಆ ಖಾಲಿ ಜಾಗದಲ್ಲೇ ಹಾಡಿನ ಮಾತುಗಳು ಕುಳಿತಿರುತ್ತವೆ. ಅವು ಅಕ್ಷರಗಳಾಗಿ ಇರುವುದಿಲ್ಲ, ಚಿತ್ರಗಳಾಗಿ ಇರುತ್ತವೆ. ೩೦೦ ಚುಕ್ಕಿ ಅಗಲ, ೨೧೬ ಚುಕ್ಕಿ ಎತ್ತರದ ಒಂದು ಹಲಗೆಯ ಮೇಲೆ, ಹದಿನಾರು ಬಣ್ಣಗಳಲ್ಲಿ, ಅಗಲಕ್ಕೆ ಆರು ಎತ್ತರಕ್ಕೆ ಹನ್ನೆರಡು ಚುಕ್ಕಿಗಳ ಸಣ್ಣ ಸಣ್ಣ ಬಿಲ್ಲೆಗಳನ್ನು ಯಂತ್ರ ಜೋಡಿಸುತ್ತ ಹೋಗುತ್ತದೆ. ಅದಕ್ಕೆ ಹಿಂದಿಯೂ ಒಂದೇ, ಇಂಗ್ಲಿಷೂ ಒಂದೇ, ಕನ್ನಡವೂ ಒಂದೇ.

ಸಾಮಾನ್ಯವಾಗಿ ಹಾಡನ್ನು ಇಳಿಸುವ ತಂತ್ರಾಂಶಗಳು ಧ್ವನಿಯ ೨,೩೫೨ ಬೈಟುಗಳನ್ನು ಮಾತ್ರ ಕೇಳಿ ಪಡೆಯುತ್ತವೆ. ಅಂಚಿನ ೯೬ನ್ನು ಕೇಳುವುದೇ ಇಲ್ಲ. ಕೇಳದ್ದನ್ನು ಯಂತ್ರ ಕೊಡುವುದೂ ಇಲ್ಲ. ಕೊಡದಿದ್ದೇನೆಂದು ತಿಳಿಸುವುದೂ ಇಲ್ಲ! ನಾಲ್ಕು ನಿಮಿಷದ ಹಾಡಿಗೆ ಸಾಹಿತ್ಯದ ತೂಕ ಹದಿನೇಳು ಲಕ್ಷ ಇಪ್ಪತ್ತೆಂಟು ಸಾವಿರ ಬೈಟು. ನಾನು ೧೨೮ ಸಾಕೋ ೩೨೦ ಬೇಕೋ ಎಂದು ವಾರಗಟ್ಟಲೆ ತೂಗಿ ನೋಡಿದ್ದೆಲ್ಲ ಯಾರ ಕಿವಿಗೂ ಬೀಳದ ಸದ್ದುಗಳನ್ನು. ಕಣ್ಣಿಗೆ ಕಾಣಬೇಕಾಗಿದ್ದದ್ದು ತಕ್ಕಡಿಯ ಬಳಿಗೂ ಬಂದಿರಲಿಲ್ಲ.

ತಟ್ಟೆಗಳು ಹಳೆಯ ಕಾಗದದವನ ಪಾಲಾದುವಲ್ಲ ಎಂದು ಬೆಳಗ್ಗೆ ನಾನು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ಮನೆಯಾಕೆ ಅಡಿಗೆಮನೆಯಿಂದ ಅಕ್ಕಿಯ ಹಳೆಯ ಡಬ್ಬವೊಂದನ್ನು ತಂದು ನನ್ನ ಮುಂದಿಟ್ಟಳು. ಒಳಗೆ ಮೂವತ್ತೆಂಟು ತಟ್ಟೆಗಳೂ ಕಾಗದದ ಮಡಿಕೆಗಳಲ್ಲಿ ಬೆಚ್ಚಗೆ ಮಲಗಿದ್ದುವು. “ನೀವು ಹೇಳಿದ್ದನ್ನೆಲ್ಲ ಮಾಡುವುದಾಗಿದ್ದರೆ ಈ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು.

ಎರಡನೆಯ ಸಲ ನಾನು ಎಚ್ಚರಿಕೆಯಿಂದ ಮಾಡಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮೊದಲನೆಯದಾಗಿ, ಸಿಡಿ ಓದುವ ಎಲ್ಲ ಡ್ರೈವುಗಳಿಗೂ ಆ ಆರು ಎಳೆಗಳನ್ನು ಓದುವ ಶಕ್ತಿಯಿಲ್ಲ. ನನ್ನದಕ್ಕೆ ಇರಲಿಲ್ಲ, ಸಹೋದ್ಯೋಗಿಯೊಬ್ಬರಲ್ಲಿದ್ದ ಹಳೆಯ ಡ್ರೈವಿಗೆ ಇತ್ತು. ಎರಡನೆಯದಾಗಿ, ಕರೋಕೆ ತಟ್ಟೆಗಳಿಗೆಂದೇ ಇರುವ ತಂತ್ರಾಂಶ ಪ್ರತಿ ಹಾಡಿಗೂ ಎರಡು ಕಡತಗಳನ್ನು ಕೊಡುತ್ತದೆ: ಒಂದು ಧ್ವನಿಯದು, ಇನ್ನೊಂದು ‘ಸಿಡಿಜಿ’ ಎಂಬ ಚಿತ್ರದ್ದು. ಎರಡಕ್ಕೂ ಹೆಸರು ಒಂದೇ ಇರಬೇಕು, ಎರಡೂ ಒಂದೇ ಕೋಶದಲ್ಲಿರಬೇಕು. ಜೋಡಿಯನ್ನು ಅಗಲಿಸಿದರೆ ಮತ್ತೆ ಕಪ್ಪು ಪರದೆಯೇ ಗತಿ. ಮೂರನೆಯದಾಗಿ, ಓದುವ ವೇಗವನ್ನು ತಗ್ಗಿಸಬೇಕು. ಧ್ವನಿಯ ತಪ್ಪುಗಳನ್ನು ತಿದ್ದಿಕೊಳ್ಳಲು ಸಿಡಿಯಲ್ಲಿ ಬಲವಾದ ಏರ್ಪಾಡಿದೆ. ಅಂಚಿನ ದಾರಿಗೆ ಇರುವ ರಕ್ಷಣೆ ಅದಕ್ಕಿಂತ ದುರ್ಬಲ. ಅವಸರದಿಂದ ಓದಿಸಿದರೆ ಅಕ್ಷರಗಳ ಮೇಲೆ ಸಿಡುಬಿನ ಕಲೆಗಳಂತೆ ಚುಕ್ಕಿಗಳು ಬೀಳುತ್ತವೆ.

ಇನ್ನು ಸಂಕೋಚನದ ಮಾತು. ಮೂಲಪ್ರತಿಯನ್ನು ಎಂಪಿ೩ ಮಾಡಬಾರದೆಂಬುದು ಈಗ ನನ್ನ ನಿಲುವು. ೨೦೦೧ರಲ್ಲಿ ಹೊರಬಂದ ಫ್ಲ್ಯಾಕ್ ಎಂಬ ವಿಧಾನ ಧ್ವನಿಯ ಗಾತ್ರವನ್ನು ಹೆಚ್ಚುಕಡಮೆ ಅರ್ಧಕ್ಕೆ ಇಳಿಸುತ್ತದೆ, ಆದರೆ ಒಂದು ಬಿಟ್ಟನ್ನೂ ಕಳೆಯುವುದಿಲ್ಲ. ಬಿಚ್ಚಿದಾಗ ಸಿಡಿಯಲ್ಲಿದ್ದದ್ದೇ ಮರಳಿ ಬರುತ್ತದೆ. ಅದೂ ಬೇಡವೆಂದರೆ ಇಡೀ ತಟ್ಟೆಯನ್ನು ಅಂಚಿನ ದಾರಿಯ ಸಮೇತ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ೭೪ ನಿಮಿಷ ತುಂಬಿದ ತಟ್ಟೆಗೂ ೮೧ ಕೋಟಿ ಬೈಟುಗಳಷ್ಟೇ ಬೇಕು. ನಮ್ಮ ೩೮ ತಟ್ಟೆಗಳೂ ಹಾಗೆ ತುಂಬಿದ್ದರೆ ಒಟ್ಟು ೩೧ ಗಿಗಾಬೈಟನ್ನು ಮೀರಲಾರವು. ಒಂದು ೬೪ ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಅರ್ಧ ಜಾಗ ಉಳಿಯುತ್ತದೆ. ಈ ಅಗ್ಗದ ಜಾಗಕ್ಕಾಗಿಯೇ ನಾನು ಜಿಪುಣತನ ಮಾಡಿದ್ದು! ಮೂಲ ಭದ್ರವಾದ ಮೇಲೆ ದಿನಬಳಕೆಗೆ ಬೇಕಾದರೆ ಎಂಪಿ೩ ಮಾಡಿಕೊಳ್ಳಿ. ಕರೋಕೆಗೆ ೧೯೨ಕ್ಕಿಂತ ಕೆಳಗೆ ಇಳಿಯಬೇಡಿ. ಹಾಡುವವರ ದನಿ ಮೇಲೆ ಬೀಳುವ ತನಕ ಬರಿಯ ಪಕ್ಕವಾದ್ಯ ಬೆತ್ತಲೆಯಾಗಿ ನಿಂತಿರುವುದರಿಂದ ದೋಷ ಬೇಗ ಕೇಳಿಸುತ್ತದೆ. ದರ ಏರಿಳಿಯುವ ಬಗೆಗಿಂತ ಸ್ಥಿರವಾಗಿರುವ ಬಗೆ ಮೇಲು. ಏರಿಳಿಯುವಂಥದರಲ್ಲಿ ಕೆಲವು ಹಳೆಯ ಯಂತ್ರಗಳು ಕಾಲದ ಲೆಕ್ಕ ತಪ್ಪಿ, ಮಾತು ಒಂದೆಡೆ, ರಾಗ ಒಂದೆಡೆ ಆಗುತ್ತವೆ. ಹಾಡಿನ ಆರಂಭದ ಮೌನವನ್ನು ಕತ್ತರಿಸುವ ಸೌಲಭ್ಯವನ್ನಂತೂ ಮುಟ್ಟಲೇಬೇಡಿ. ಮೌನವೂ ತಾಳದ ಒಂದು ಅಂಗ. ಕೆಲವು ತಟ್ಟೆಗಳಲ್ಲಿ ಒಂದು ಕಿವಿಗೆ ವಾದ್ಯ ಮಾತ್ರವೂ ಇನ್ನೊಂದಕ್ಕೆ ಗಾಯಕನ ದನಿಯೂ ಇರುತ್ತವೆ. ಅಂಥವನ್ನು ಒಂಟಿ ಧ್ವನಿಯಾಗಿ ಬೆರೆಸಿದರೆ ಗಾಯಕನನ್ನು ಆಮೇಲೆ ಹೊರಕ್ಕೆ ಕಳುಹಿಸಲು ಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು: ತಟ್ಟೆಯನ್ನು ಕೈಬಿಡುವ ಮೊದಲು ಪ್ರತಿಯನ್ನು, ಅದನ್ನು ಬಳಸುವವರ ಮುಂದೆಯೇ, ಆದಿಯಿಂದ ಅಂತ್ಯದವರೆಗೆ ಒಮ್ಮೆ ನಡೆಸಿ ನೋಡುವುದು. ನಾನು ಕಿವಿಯ ಪರೀಕ್ಷೆ ಮಾಡಿದೆನೇ ಹೊರತು ಹಾಡಿಸಿ ನೋಡಲಿಲ್ಲ. ಇದು ಸ್ವಂತ ಬಳಕೆಯ ಮಾತು. ೧೯೫೭ರ ನಮ್ಮ ಕೃತಿಸ್ವಾಮ್ಯದ ಕಾಯಿದೆಯ ೫೨ನೆಯ ಪ್ರಕರಣ ಖಾಸಗಿಯಾದ ನ್ಯಾಯಬಳಕೆಗೆ ಎಡೆಯನ್ನು ಕೊಟ್ಟಿದೆ. ಪ್ರತಿ ಮಾಡಿ ಊರಿಗೆ ಹಂಚುವುದೂ ಮಾರುವುದೂ ಬೇರೆ ವಿಷಯ.

ಹೀಗೆ ಮೂವತ್ತೆಂಟು ತಟ್ಟೆಗಳು ಉಳಿದುವು. ತಾರಸಿಯ ಮೇಲಿನ ಎರಡು? ಸಿಡಿಯಲ್ಲಿ ಬರಹವಿರುವುದು ನಾವು ಜೋಪಾನ ಮಾಡುವ ಹೊಳೆಯುವ ಮಗ್ಗುಲಿನ ಬಳಿಯಲ್ಲಲ್ಲ. ಹೆಸರು ಅಚ್ಚಾದ ಮಗ್ಗುಲಿನ ತೆಳುವಾದ ಮೆರುಗಿನ ಅಡಿಯಲ್ಲಿ. ಬಿಸಿಲಿಗೂ ಮಳೆಗೂ ಆ ಮೆರುಗು ಎದ್ದು, ಅಲ್ಯೂಮಿನಿಯಂ ಪದರ ಅಲ್ಲಲ್ಲಿ ಸುಲಿದುಹೋಗಿತ್ತು. ಅವುಗಳನ್ನು ಡ್ರೈವಿನೊಳಗೆ ಇಟ್ಟರೆ ಸುಮ್ಮನೆ ಗಿರಗಿರನೆ ತಿರುಗಿ ಹೊರಕ್ಕೆ ಬಂದುವು. ಅವುಗಳಲ್ಲಿ ಒಂದು, ಅತ್ತೆಯವರ ಹಾಡಿದ್ದ ತಟ್ಟೆ. ಪಾರಿವಾಳಗಳು ಅದಕ್ಕೆ ಹೆದರಿದ್ದೂ ಇಲ್ಲ.

ಈಗ ಆ ಹಾಡಿಗೆ ಉಳಿದಿರುವುದು ನಾನು ಮೊದಲು ಮಾಡಿದ ೧೨೮ರ ಪ್ರತಿಯೊಂದೇ. ಮೂಲ ನಷ್ಟವಾದಾಗ ಅತ್ಯಂತ ಅಶುದ್ಧವಾದ ಪ್ರತಿಯೂ ಮೂಲದ ಪದವಿಗೆ ಏರುತ್ತದೆಯೆಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಹಾಗಾಯಿತು. ಅದನ್ನು ೩೨೦ಕ್ಕೆ ಏರಿಸೋಣವೆಂದು ಒಮ್ಮೆ ಅನಿಸಿತು. ಆದರೆ ಹೋದದ್ದು ಅದರಿಂದ ಮರಳುವುದಿಲ್ಲ, ಕಡತ ದಪ್ಪವಾಗುತ್ತದೆ ಅಷ್ಟೆ. ಎರಡು ಬಾರಿ ಕುಗ್ಗಿಸಿದ್ದಕ್ಕೆ ಇನ್ನಷ್ಟು ಮಾಸುತ್ತದೆ. ಇದ್ದದ್ದನ್ನು ಇದ್ದ ಹಾಗೆಯೇ ಎರಡು ಕಡೆ ಇಟ್ಟಿದ್ದೇನೆ.

ಹಾಡಿನ ಮಾತುಗಳೇನೋ ಅಂತರ್ಜಾಲದಲ್ಲಿ ಎರಡು ನಿಮಿಷದಲ್ಲಿ ದೊರೆತುವು. ಅದೇ ಹಾಡಿನ ಬೇರೆ ಕರೋಕೆಗಳೂ ದೊರೆತುವು. ಅವು ಮಾವನವರ ಶ್ರುತಿಗೆ ಕೂಡಲಿಲ್ಲ. ಮಾತು ಸಿಕ್ಕಿತು, ರಾಗ ಇತ್ತು. ಯಾವ ಮಾತು ಯಾವ ಕ್ಷಣದಲ್ಲಿ ಬೀಳಬೇಕೆಂಬ ಲೆಕ್ಕ ಮಾತ್ರ ತಟ್ಟೆಯೊಡನೆ ಹೋಗಿತ್ತು. ಹೊಸದಾಗಿ ಅಂಥ ಚಿತ್ರದ ಕಡತವನ್ನು ತಯಾರಿಸುವ ತಂತ್ರಾಂಶಗಳಿವೆ, ಮಾಡಿಕೊಡುತ್ತೇನೆಂದೆ. ನನ್ನ ಮಗಳು ಅಷ್ಟು ಕಾಯಲಿಲ್ಲ. ಎರಡನೆಯ ತರಗತಿಯ ತನ್ನ ನೋಟುಪುಸ್ತಕದಲ್ಲಿ, ಅಮ್ಮ ಓದಿ ಹೇಳಿದಂತೆ, ಆ ಹಿಂದಿ ಹಾಡನ್ನು ಕನ್ನಡದ ದಪ್ಪ ಅಕ್ಷರಗಳಲ್ಲಿ ಬರೆದಳು.

ಭಾನುವಾರದ ಸಂಜೆ ಆ ಹಾಡು ಬಂದಾಗ ಪರದೆ ಈಗಲೂ ಕಪ್ಪಾಗಿಯೇ ಇರುತ್ತದೆ. ಮಗಳು ಅಜ್ಜನ ತೊಡೆಯ ಮೇಲೆ ಪುಸ್ತಕವನ್ನು ತೆರೆದು, ಹಾಡುವ ಮಾತಿನ ಕೆಳಗೆ ಬೆರಳನ್ನು ಓಡಿಸುತ್ತಾಳೆ. ಮೊದಲನೆಯ ವಾರ ಬೆರಳು ಮುಂದೆ, ಅಜ್ಜ ಹಿಂದೆ. ಈಗ ಇಬ್ಬರೂ ಕೂಡಿಯೇ ಹೋಗುತ್ತಾರೆ. ಹೋದ ವಾರ ನಾನು ಚಿತ್ರದ ಕಡತ ಸಿದ್ಧವಾಯಿತೆಂದು ಹೇಳಿದೆ. ಮಾವನವರು, “ಇರಲಿ ಬಿಡಪ್ಪ, ಇದೇ ಚೆನ್ನಾಗಿದೆ” ಎಂದರು.

ಆ ನೋಟುಪುಸ್ತಕಕ್ಕೆ ನಾನು ಒಂದು ಗಟ್ಟಿ ರಟ್ಟನ್ನು ಹಾಕಿಸಿದ್ದೇನೆ. ಅದರ ಪ್ರತಿಯೊಂದು ಪುಟದ ಚಿತ್ರವನ್ನೂ, ಈ ಸಲ ಅಂಚನ್ನು ಬಿಡದೆ, ತೆಗೆದಿಟ್ಟಿದ್ದೇನೆ.